ತುರಾಯಿ ತಲೆಗೇರಿದ ಮೇಲೆ: ಸೆಂಚೂರಿಯನ್ ವೇಷದಲ್ಲಿ ನನ್ನ ಅನುಭವ

ಸೆಂಚೂರಿಯನ್, ಅಂದರೆ ರೋಮನ್ ಸೈನ್ಯದ ದಳನಾಯಕನ ವೇಷ ಹಾಕಿದ ಮೊದಲ ದಿನವೇ ಜಾರಿ ಬಿದ್ದೆ. ಮೈದಾನದಲ್ಲಲ್ಲ, ಮ್ಯೂಸಿಯಂ ಒಂದರ ನುಣ್ಣನೆಯ ಕಲ್ಲುನೆಲದ ಮೇಲೆ. ರೋಮನ್ ಸೈನಿಕರ ಚಪ್ಪಲಿಯ ಅಡಿಯ ತುಂಬ ಕಬ್ಬಿಣದ ಮೊಳೆ ಹೊಡೆದಿರುತ್ತದೆ. ಹುಲ್ಲಿನ ಮೇಲೆ ಅದು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಕಲ್ಲಿನ ಮೇಲೆ ಮಾತ್ರ ಪಾಚಿ ಕಟ್ಟಿದ ಬಚ್ಚಲಿನಲ್ಲಿ ನಡೆದ ಹಾಗೆ. ಶಾಲೆಯ ಮಕ್ಕಳೆಲ್ಲ ನೋಡುತ್ತಿರುವಾಗ, ಹೆಲ್ಮೆಟ್ಟಿನ ಕೆಂಪು ತುರಾಯಿಯ ಸಮೇತ ದೊಪ್ಪನೆ ಬಿದ್ದೆ.

ನಮ್ಮ ತಂಡದ ಹಿರಿಯರೊಬ್ಬರು ಕೈಕೊಟ್ಟು ಎಬ್ಬಿಸುತ್ತ, "ಬೇಜಾರು ಮಾಡ್ಕೋಬೇಡ, ಜೂಲಿಯಾನಸ್ ಕೂಡ ಹೀಗೇ ಬಿದ್ದಿದ್ದ" ಎಂದರು. ಆಮೇಲೆ ಆ ಕಥೆ ಓದಿದೆ. ಕ್ರಿ.ಶ. 70, ಜೆರುಸಲೇಮಿನ ಮುತ್ತಿಗೆ. ಬಿಥೀನಿಯಾ ಪ್ರಾಂತ್ಯದ ಜೂಲಿಯಾನಸ್ ಎಂಬ ಸೆಂಚೂರಿಯನ್ ಒಬ್ಬನೇ ನುಗ್ಗಿ ಎದುರಾಳಿಗಳನ್ನು ದೇವಾಲಯದ ಒಳ ಅಂಗಳದ ಮೂಲೆಯವರೆಗೆ ಅಟ್ಟಿಕೊಂಡು ಹೋದ. ಕಲ್ಲು ಹಾಸಿನ ಮೇಲೆ ಮೊಳೆ ಜಾರಿತು. ಬಿದ್ದವನನ್ನು ಸುತ್ತುವರಿದು ಕೊಂದರು. ಇತಿಹಾಸಕಾರ ಜೊಸೀಫಸ್ ಚಪ್ಪಲಿಯ ಮೊಳೆಯನ್ನೂ ಮರೆಯದೆ ಬರೆದಿಟ್ಟಿದ್ದಾನೆ. ನನಗೆ ಮೊಣಕೈ ತರಚಿತ್ತು, ಅಷ್ಟೇ.

ನಾನು ಕುಂದಾಪುರದ ಕಡೆಯವನು. ಕೆಲಸಕ್ಕೆಂದು ಇಂಗ್ಲೆಂಡಿಗೆ ಬಂದು ಚೆಸ್ಟರ್ ಊರಿನ ಹತ್ತಿರ ನೆಲೆಸಿದೆ. ಚೆಸ್ಟರ್ ಅಂದರೆ ರೋಮನ್ನರ ಕಾಲದ ದೇವಾ. ಇಪ್ಪತ್ತನೇ ಲೀಜನ್ ಎಂಬ ದೊಡ್ಡ ಸೇನಾದಳ ಇಲ್ಲಿ ಬೀಡುಬಿಟ್ಟಿತ್ತು. ವಾರಾಂತ್ಯಗಳಲ್ಲಿ ರೋಮನ್ ಸೈನ್ಯದ ವೇಷ ಕಟ್ಟಿ ಪ್ರದರ್ಶನ ಕೊಡುವ ಹವ್ಯಾಸಿ ತಂಡಗಳು ಈ ದೇಶದಲ್ಲಿ ಬೇಕಾದಷ್ಟಿವೆ. ಸುಮ್ನೆ ನೋಡಲು ಹೋದವನು ಒಂದು ತಂಡಕ್ಕೆ ಸೇರಿಯೇಬಿಟ್ಟೆ. ಮೊದಲು ಮಾಮೂಲಿ ಸೈನಿಕ, ಆಮೇಲೆ ಆಪ್ಟಿಯೋ, ಅಂದರೆ ಸೆಂಚೂರಿಯನ್‌ನ ಕೈಕೆಳಗಿನ ಅಧಿಕಾರಿ. ನಮ್ಮ ಹಳೆಯ ಸೆಂಚೂರಿಯನ್‌ಗೆ ಮಂಡಿನೋವು ಶುರುವಾದಾಗ ಪಟ್ಟ ನನ್ನ ತಲೆಗೆ ಬಂತು.

ಸೆಂಚೂರಿಯನ್ ಅಂದರೆ ನೂರು ಜನರ ನಾಯಕ ಎಂದು ತುಂಬ ಜನ ತಿಳಿದಿದ್ದಾರೆ. ಹೆಸರು ಹಾಗಿದೆ, ಲೆಕ್ಕ ಹಾಗಿಲ್ಲ. ಚಕ್ರವರ್ತಿಗಳ ಕಾಲದಲ್ಲಿ ಅವನ ದಳವಾದ ಸೆಂಚೂರಿಯಾದಲ್ಲಿ 80 ಜನ. ಅಂಥ ಆರು ಸೇರಿದರೆ ಒಂದು ಕೊಹಾರ್ಟ್, ಹತ್ತು ಕೊಹಾರ್ಟ್ ಸೇರಿದರೆ ಒಂದು ಲೀಜನ್. ನಮ್ಮ ತಂಡದಲ್ಲಿ ಒಳ್ಳೆಯ ದಿನ 18 ಜನ ಸೇರುತ್ತಾರೆ. ಮಳೆ ಬಂದರೆ 11.

ವೇಷ ಹೊಂದಿಸುವಾಗ ನಾನು ನಂಬಿದ್ದು ಗೋರಿಕಲ್ಲುಗಳನ್ನು, ಸಿನಿಮಾಗಳನ್ನಲ್ಲ. ಕೊಲ್ಚೆಸ್ಟರ್ ಮ್ಯೂಸಿಯಂನಲ್ಲಿ ಮಾರ್ಕಸ್ ಫೇವೋನಿಯಸ್ ಫೆಸಿಲಿಸ್ ಎಂಬ ಸೆಂಚೂರಿಯನ್‌ನ ಕಲ್ಲು ಇದೆ. ಅವನೂ ನಮ್ಮ ಇಪ್ಪತ್ತನೇ ಲೀಜನ್ನಿನವನೇ. ಬಲಗೈಯಲ್ಲಿ ದ್ರಾಕ್ಷಿಬಳ್ಳಿಯ ಕೋಲು, ಎಡಸೊಂಟದಲ್ಲಿ ಕತ್ತಿ, ಬಲಸೊಂಟದಲ್ಲಿ ಬಾಕು. ಎದೆಯ ಕವಚ ಕಲ್ಲಿನಲ್ಲಿ ನುಣ್ಣಗೆ ಕಾಣುತ್ತದೆ. ಇದನ್ನೇ ನೋಡಿ ಹಿಂದೆ ಕೆಲವರು ಚರ್ಮದ ಕವಚ ಎಂದುಕೊಂಡರು. ಅಂಥ ಕಲ್ಲುಗಳಿಗೆ ಬಣ್ಣ ಬಳಿಯುತ್ತಿದ್ದರು, ಅಲ್ವಾ? ಅದು ಲೋಹದ ಉಂಗುರ ಹೆಣೆದ ಕವಚವಾಗಿದ್ದು, ಆ ಉಂಗುರಗಳನ್ನು ಬಣ್ಣದಲ್ಲಿ ಬರೆದಿರಬೇಕು, ಬಣ್ಣ ಹೋಯಿತು, ಕಲ್ಲು ಉಳಿಯಿತು. ನನ್ನ ಓಟು ಉಂಗುರ ಕವಚಕ್ಕೆ. ಸಿನಿಮಾದಲ್ಲಿ ಎಲ್ಲರೂ ಹಾಕುವ ಪಟ್ಟಿ ಪಟ್ಟಿ ಉಕ್ಕಿನ ಕವಚ ನನಗೆ ಬೇಡವೆಂದೆ. ಸೆಂಚೂರಿಯನ್‌ಗಳ ಗೋರಿಕಲ್ಲುಗಳಲ್ಲಿ ಅದು ಕಾಣುವುದಿಲ್ಲ. ಒಂದೋ ಉಂಗುರ ಹೆಣೆದದ್ದು, ಇಲ್ಲವೇ ಮೀನಿನ ಹುರುಪೆಯ ಹಾಗೆ ತಗಡು ಹೊಲಿದದ್ದು.

ಉಂಗುರ ಕವಚಕ್ಕೆ ಲ್ಯಾಟಿನ್‌ನಲ್ಲಿ ಲೋರಿಕಾ ಹಮಾಟಾ. ಅಸಲಿಯಲ್ಲಿ ಒಂದು ಸಾಲು ತಗಡಿನಿಂದ ಕತ್ತರಿಸಿದ ಇಡೀ ಉಂಗುರ, ಮುಂದಿನ ಸಾಲು ರಿವೆಟ್ ಹೊಡೆದು ಮುಚ್ಚಿದ ಉಂಗುರ. ನಾನು ಮೊದಲು ದುಡ್ಡು ಉಳಿಸಲು ಹೋಗಿ, ತಂತಿಯ ತುದಿಗಳನ್ನು ಬರೀ ಒತ್ತಿ ಸೇರಿಸಿದ ಅಗ್ಗದ ಕವಚ ತೆಗೆದುಕೊಂಡೆ. ಒಂದೊಂದು ಪ್ರದರ್ಶನಕ್ಕೂ ನಾಲ್ಕೈದು ಉಂಗುರ ಬಾಯಿಬಿಟ್ಟು ಉದುರುತ್ತಿದ್ದವು. ಎರಡು ವರ್ಷ ಇಕ್ಕಳ ಹಿಡಿದು ರಿಪೇರಿ ಮಾಡಿ ಸಾಕಾಯಿತು. ಕೊನೆಗೆ ರಿವೆಟ್ ಇರುವುದನ್ನೇ ಕೊಂಡೆ. ಪೆಟ್ಟಿಗೆ ಬಿಚ್ಚಿ ನೋಡಿದರೆ ಚೀಟಿಯಲ್ಲಿ 'ಮೇಡ್ ಇನ್ ಇಂಡಿಯಾ'! ಇಂಥ ಕತ್ತಿ, ಕವಚ, ಹೆಲ್ಮೆಟ್ ತಯಾರಿಸಿ ಹೊರದೇಶಗಳಿಗೆ ಕಳಿಸುವ ಕಾರ್ಖಾನೆಗಳು ಮೀರತ್, ಡೆಹ್ರಾಡೂನ್ ಕಡೆ ಇವೆ. ನಾನು ವಿಮಾನದಲ್ಲಿ ಬಂದೆ, ನನ್ನ ಕವಚ ಹಡಗಿನಲ್ಲಿ ಬಂತು.

ತೂಕ 11 ಕಿಲೋ. ಹೆಗಲ ಮೇಲೆ ಇಮ್ಮಡಿ ಪದರ ಇರುವುದರಿಂದ ಮೊದಲ ಅರ್ಧ ಗಂಟೆಯಲ್ಲೇ ಕತ್ತು ಹಿಡಿದುಕೊಳ್ಳುತ್ತದೆ. ಇದಕ್ಕೆ ಮದ್ದು ಬೆಲ್ಟು. ಬೆಲ್ಟನ್ನು ಬಿಗಿಯಾಗಿ ಕಟ್ಟಿ, ಎರಡೂ ಕೈ ಮೇಲೆತ್ತಿ, ಇನ್ನೊಬ್ಬರಿಂದ ಕವಚವನ್ನು ಬೆಲ್ಟಿನ ಮೇಲಕ್ಕೆ ಸ್ವಲ್ಪ ಎಳೆಸಿಕೊಳ್ಳಬೇಕು. ಆಗ ಅರ್ಧ ಭಾರ ಸೊಂಟಕ್ಕೆ ಇಳಿಯುತ್ತದೆ. ಒಳಗೆ ದಪ್ಪ ಬಟ್ಟೆ ತುಂಬಿದ ಅಂಗಿ ಇಲ್ಲದಿದ್ದರೆ ಹೆಗಲಿನ ಮೇಲೆ ಉಂಗುರದ ಅಚ್ಚು ಬೀಳುತ್ತದೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಮನೆಯಲ್ಲಿ ಹೆಂಡತಿ ಅಚ್ಚು ನೋಡಿ, ಯಾವ ದೋಸೆಕಾವಲಿಯ ಮೇಲೆ ಮಲಗಿದ್ದಿರಿ ಎಂದು ಕೇಳಿದಳು.

ಈಗ ತುರಾಯಿಗೆ ಬರುತ್ತೇನೆ. ನನ್ನ ಮಟ್ಟಿಗೆ ಸೆಂಚೂರಿಯನ್ ಅಂದರೆ ಅದೇ. ಅವನ ಹೆಲ್ಮೆಟ್ ಮೇಲೆ ಕುದುರೆಕೂದಲಿನ ತುರಾಯಿ ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಅಡ್ಡವಾಗಿ ಹರಡಿರುತ್ತದೆ. ವಿಯೆನ್ನಾ ಹತ್ತಿರದ ಕಾರ್ನುಂಟಮ್‌ನಲ್ಲಿದ್ದ ಟೈಟಸ್ ಕ್ಯಾಲಿಡಿಯಸ್ ಸೆವೆರಸ್ ಎಂಬ ಸೆಂಚೂರಿಯನ್‌ನ ಗೋರಿಕಲ್ಲಿನಲ್ಲಿ ಇದನ್ನು ಸ್ಪಷ್ಟವಾಗಿ ಕೆತ್ತಿದ್ದಾರೆ. ಜೊತೆಗೆ ಕಾಲಿನ ಮುಂಭಾಗಕ್ಕೆ ಕಟ್ಟುವ ಲೋಹದ ಕವಚಗಳೂ ಕೋಲೂ ಇವೆ. ವೆಜೆಟಿಯಸ್ ಎಂಬ ಲೇಖಕ ಇದರ ಕಾರಣವನ್ನೂ ಬರೆದಿದ್ದಾನೆ: ಅವರವರ ಸೈನಿಕರು ಬೇಗ ಗುರುತು ಹಿಡಿಯಲಿ ಎಂದು.

ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳೆದವನಿಗೆ ಇದು ಹೊಸದೇನಲ್ಲ. ಗದ್ದೆಯ ಆ ತುದಿಯಲ್ಲಿ ಕೂತರೂ ಕಿರೀಟ ನೋಡಿ ವೇಷ ಯಾವುದೆಂದು ಹೇಳುತ್ತಿದ್ದೆವು. ಆದರೆ ಚೌಕಿಯಲ್ಲಿ ವೇಷ ಕಟ್ಟಿಕೊಡುವವರಿರುತ್ತಾರೆ, ಇಲ್ಲಿ ನಾನೇ ಕಟ್ಟಬೇಕು. ಮರದ ಸಣ್ಣ ಪಟ್ಟಿಯನ್ನು ಹೆಲ್ಮೆಟ್ಟಿನ ಬಾಗಿಗೆ ಸರಿಯಾಗಿ ಕೆತ್ತಿ, ಸಾಲಾಗಿ ತೂತು ಕೊರೆದು, ಕುದುರೆಕೂದಲಿನ ಜೊಂಪೆಗಳನ್ನು ಅಂಟು ಹಾಕಿ ಕೂರಿಸಿದೆ. ಮೂರು ವಾರಾಂತ್ಯ ಹಿಡಿಯಿತು. ಮೊದಲ ಸಲ ಗಾಳಿಗೆ ಎದುರಾಗಿ ನಿಂತಾಗ ತಪ್ಪು ಗೊತ್ತಾಯಿತು. ಅಡ್ಡ ತುರಾಯಿ ಹಾಯಿಯ ಹಾಗೆ ಗಾಳಿ ಹಿಡಿಯುತ್ತದೆ. ಹೆಲ್ಮೆಟ್ ಹಿಂದಕ್ಕೆ ವಾಲಿ ಗಲ್ಲದ ಪಟ್ಟಿ ಗಂಟಲನ್ನು ಒತ್ತುತ್ತದೆ. ಈಗ ಕೂದಲನ್ನು ಮೂರು ಬೆರಳಷ್ಟು ಗಿಡ್ಡ ಮಾಡಿದ್ದೇನೆ. ಹೆಲ್ಮೆಟ್ ಒಳಗೆ ಉಣ್ಣೆಯ ಟೋಪಿ. ವ್ಯಾನಿನ ಬಾಗಿಲಿನಲ್ಲಿ ತಲೆ ಬಗ್ಗಿಸುವುದನ್ನು ಮರೆತು ಎರಡು ಸಲ ತುರಾಯಿ ಮುರಿದಿದೆ, ಅದು ಬೇರೆ ಮಾತು.

ಕೋಲು ಆಟದ ಸಾಮಾನಲ್ಲ. ಅದು ಅಧಿಕಾರದ ಗುರುತು, ಹೊಡೆಯುವ ಸಾಧನವೂ ಹೌದು. ಲ್ಯುಸಿಲಿಯಸ್ ಎಂಬ ಸೆಂಚೂರಿಯನ್‌ಗೆ ಸೈನಿಕರು 'ಇನ್ನೊಂದು ಕೊಡು' ಎಂದೇ ಅಡ್ಡಹೆಸರು ಇಟ್ಟಿದ್ದರು. ಸೈನಿಕನ ಬೆನ್ನಿನ ಮೇಲೆ ಕೋಲು ಮುರಿದರೆ ಇನ್ನೊಂದನ್ನು, ಅದೂ ಮುರಿದರೆ ಮತ್ತೊಂದನ್ನು ಕೂಗಿ ಕೇಳುತ್ತಿದ್ದನಂತೆ. ಕ್ರಿ.ಶ. 14ರಲ್ಲಿ ಪನ್ನೋನಿಯಾ ಪ್ರಾಂತ್ಯದ ಪಡೆಗಳು ದಂಗೆ ಎದ್ದಾಗ ಅವನನ್ನು ಕೊಂದುಹಾಕಿದರು. ನಾನು ಇದನ್ನು ಮಕ್ಕಳಿಗೆ ಹೇಳಿದರೆ ಪಕ್ಕದಲ್ಲಿರುವ ನಮ್ಮ ಹುಡುಗರು ತಲೆ ಅಲ್ಲಾಡಿಸುತ್ತಾರೆ. ಇಂಗ್ಲೆಂಡಿನ ಚಳಿಯಲ್ಲಿ ನೆಟ್ಟಗಿರುವ ದ್ರಾಕ್ಷಿಬಳ್ಳಿ ಹುಡುಕುವುದೇ ಕಷ್ಟ. ಫ್ರಾನ್ಸ್‌ಗೆ ಹೋದ ಗೆಳೆಯರೊಬ್ಬರು ಕೊನೆಗೂ ತಂದುಕೊಟ್ಟರು.

ಕತ್ತಿಯ ಜಾಗವೂ ಅದಲುಬದಲು. ಮಾಮೂಲಿ ಸೈನಿಕ ಕತ್ತಿಯನ್ನು ಬಲಗಡೆ ಕಟ್ಟಿ ಬಲಗೈಯಿಂದಲೇ ಎಳೆಯುತ್ತಾನೆ. ಕೇಳಿದರೆ ವಿಚಿತ್ರ. ಆದರೆ ಗಿಡ್ಡ ಕತ್ತಿ, ಮಣಿಕಟ್ಟು ತಿರುಗಿಸಿ ಹೆಬ್ಬೆರಳು ಕೆಳಗೆ ಮಾಡಿ ಹಿಡಿದು ಮೇಲಕ್ಕೆತ್ತಿದರೆ ಸಲೀಸಾಗಿ ಬರುತ್ತದೆ, ಗುರಾಣಿಗೂ ತಾಗುವುದಿಲ್ಲ. ಸೆಂಚೂರಿಯನ್‌ಗೆ ಎಡಗಡೆ. ಬಲಗಡೆಯ ರೂಢಿ ಮೈಗೆ ಹತ್ತಿದ್ದರಿಂದ ನಾನು ತಿಂಗಳುಗಟ್ಟಲೆ ಕತ್ತಿ ಎಳೆಯಲು ಹೋಗಿ ಬಾಕು ಎಳೆದಿದ್ದೇನೆ.

ಇಷ್ಟು ವೇಷ ಕಟ್ಟಿಕೊಂಡು ನಿಲ್ಲುವುದೆಲ್ಲಿ? ನಮ್ಮ ತಂಡದ ಪದ್ಧತಿಯಂತೆ ಮುಂದಿನ ಸಾಲಿನ ಬಲತುದಿ. ಆಪ್ಟಿಯೋ ಹಿಂದೆ. ಚೆಸ್ಟರಿನ ಗ್ರೋವ್ನರ್ ಮ್ಯೂಸಿಯಂನಲ್ಲಿ ಕೆಸಿಲಿಯಸ್ ಅವಿಟಸ್ ಎಂಬ ಆಪ್ಟಿಯೋನ ಕಲ್ಲು ಇದೆ, ಅವನ ಕೈಯಲ್ಲಿ ಆಳೆತ್ತರದ ಕೋಲು. ನಾನು ಆಪ್ಟಿಯೋ ಆಗಿದ್ದಾಗ ಆ ಕೋಲಿನಿಂದ ಹಿಂದೆ ಸರಿಯುವವರ ಬೆನ್ನು ತಡೆದು ಸಾಲು ನೆಟ್ಟಗೆ ಮಾಡುತ್ತಿದ್ದೆ. ಎಲ್ಲರ ಬೆನ್ನೂ ಕಾಣುತ್ತಿತ್ತು. ಸೆಂಚೂರಿಯನ್ ಆದ ಮೇಲೆ ನನ್ನವರು ಯಾರೂ ಕಾಣುವುದಿಲ್ಲ, ಅವರಿಗೆಲ್ಲ ನಾನು ಕಾಣುತ್ತೇನೆ. ಹೆಲ್ಮೆಟ್ ಹಾಕಿ ಗುರಾಣಿ ಬಡಿಯುವ 18 ಜನರಿಗೇ ನನ್ನ ಕೂಗು ಕೇಳುವುದಿಲ್ಲ. ನಾಲ್ಕನೆಯವನ ಆಚೆ ಬಾಯಿ ಬಡಿದುಕೊಂಡರೂ ದಂಡ. ತುರಾಯಿ ಮುಂದೆ ಹೋಯಿತೋ ಅವರೂ ಮುಂದೆ, ತುರಾಯಿ ನಿಂತಿತೋ ಅವರೂ ನಿಂತರು. ಒಮ್ಮೆ ಚಪ್ಪಲಿಯ ಪಟ್ಟಿ ಕಟ್ಟಲು ಬಗ್ಗಿದೆ. ಇಡೀ ಸಾಲು ಅಲ್ಲೇ ನಿಂತುಬಿಟ್ಟಿತು.

ನನ್ನವರಿಗೆ ಕಂಡದ್ದು ಎದುರಿನವನಿಗೂ ಕಾಣುತ್ತದೆ. ರೋಮನ್ ಸೇನಾನಿ ಜೂಲಿಯಸ್ ಸೀಸರ್ ತನ್ನ ಯುದ್ಧಗಳ ಬಗ್ಗೆ ಕೊಟ್ಟ ಲೆಕ್ಕಗಳನ್ನು ಇದೆಲ್ಲ ಅನುಭವಿಸಿದ ಮೇಲೆ ಮತ್ತೆ ಓದಿದೆ. ಕ್ರಿ.ಪೂ. 52ರಲ್ಲಿ ಗೆರ್ಗೋವಿಯಾದಲ್ಲಿ ಅವನ ಕಡೆ ಸತ್ತ ಸೈನಿಕರು 700ಕ್ಕೆ ತುಸು ಕಡಿಮೆ, ಸೆಂಚೂರಿಯನ್‌ಗಳು 46. ಕ್ರಿ.ಪೂ. 48ರ ಫಾರ್ಸಾಲಸ್‌ನಲ್ಲಿ ಅವನು ಗೆದ್ದ, ಕಳೆದುಕೊಂಡ ಸೈನಿಕರು ಸುಮಾರು 200, ಸೆಂಚೂರಿಯನ್‌ಗಳು ಸುಮಾರು 30. ಎಂಬತ್ತಕ್ಕೆ ಒಬ್ಬನಿರುವ ಅಧಿಕಾರಿ ಸಾಯುವಾಗ ಇಷ್ಟು ದೊಡ್ಡ ಪಾಲು. ಅದೇ ವರ್ಷ ಡಿರಾಕಿಯಮ್‌ನಲ್ಲಿ ಸ್ಕೀವಾ ಎಂಬ ಸೆಂಚೂರಿಯನ್‌ನ ಗುರಾಣಿಯಲ್ಲಿ 120 ತೂತು ಎಣಿಸಿದರು ಎಂದು ಸೀಸರ್ ಬರೆದಿದ್ದಾನೆ. ಸ್ವಲ್ಪ ಉತ್ಪ್ರೇಕ್ಷೆ ಇರಬಹುದು ಬಿಡಿ. ನನ್ನ ಪ್ಲೈವುಡ್ ಗುರಾಣಿ 7 ಕಿಲೋ. ಇಪ್ಪತ್ತು ನಿಮಿಷ ಹಿಡಿದರೆ ಎಡಗೈ ಮರಗಟ್ಟುತ್ತದೆ, ಒಂದು ತೂತೂ ಇಲ್ಲದೆ.

ಇವರಿಗಿಂತ ಮೇಲಿನ ಅಧಿಕಾರಿಗಳ ವೇಷವೇ ಬೇರೆ. ನಮ್ಮಲ್ಲಿ ಒಬ್ಬರು ಟ್ರಿಬ್ಯೂನ್ ಆಗುತ್ತಾರೆ. ಎದೆಯ ಸ್ನಾಯುಗಳ ಆಕಾರಕ್ಕೆ ಬಡಿದ ಕವಚ, ಅದರ ಸುತ್ತ ಗಂಟು ಹಾಕಿದ ಪಟ್ಟಿ. ನೋಡಲು ಭಾರಿ ಚೆಂದ, ಆದರೆ ಸೊಂಟ ಬಗ್ಗುವುದಿಲ್ಲ. ಕತ್ತಿ ಕೆಳಗೆ ಬಿದ್ದರೆ ನಾವೇ ಎತ್ತಿಕೊಡಬೇಕು.

"ನೀವು ಇಂಡಿಯಾದವರು, ರೋಮನ್ ಹೇಗಾದಿರಿ?" ಮಕ್ಕಳು ಇದನ್ನು ಕೇಳಿಯೇ ಕೇಳುತ್ತಾರೆ. ದೊಡ್ಡವರಿಗೂ ಅದೇ ಕುತೂಹಲ, ಕೇಳಲು ಸಂಕೋಚ. ಅವಿಟಸ್ ಸ್ಪೇನಿನ ಈಗಿನ ಮೆರಿಡಾದವನು ಎನ್ನುತ್ತೇನೆ. ಇಂಗ್ಲೆಂಡಿನ ಉತ್ತರದಲ್ಲಿ ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಯ ಮೇಲೆ ಸಿರಿಯಾದ ಬಿಲ್ಲುಗಾರರಿದ್ದರು. ಸೌತ್ ಶೀಲ್ಡ್ಸ್‌ನಲ್ಲಿ ಟೈಗ್ರಿಸ್ ನದಿಯ ದೋಣಿಯವರ ಪಡೆಯೇ ಇತ್ತು. ಕುಂದಾಪುರದವರು ಇದ್ದರು ಎಂದು ಮಾತ್ರ ನಾನು ಹೇಳುವುದಿಲ್ಲ.

ಪ್ರದರ್ಶನ ಮುಗಿದ ಮೇಲೆ ಕವಚ ಕಳಚಲು ಒಂದು ಉಪಾಯ ಇದೆ. ಬೆಲ್ಟ್ ಬಿಚ್ಚಿ, ಸೊಂಟದಿಂದ ಪೂರ್ತಿ ಬಗ್ಗಿ, ಎರಡೂ ಕೈ ನೆಲದ ಕಡೆ ಚಾಚಿ ಮೈ ಕೊಡವಬೇಕು. ತನ್ನ ಭಾರಕ್ಕೆ ತಾನೇ ಜಾರಿ ಹುಲ್ಲಿನ ಮೇಲೆ ಗುಡ್ಡೆಯಾಗಿ ಬೀಳುತ್ತದೆ. ಉದ್ದ ಕೂದಲಿದ್ದರೆ ಒಂದಿಷ್ಟು ಅದರ ಜೊತೆಗೇ ಹೋಗುತ್ತದೆ. ಮಳೆಯಲ್ಲಿ ನೆನೆದಿದ್ದರೆ ಅದೇ ರಾತ್ರಿ ಒರೆಸಿ ಎಣ್ಣೆ ಹಚ್ಚಲೇಬೇಕು, ಬೆಳಗ್ಗೆವರೆಗೆ ಬಿಟ್ಟರೆ ತುಕ್ಕು ಹಿಡಿಯುತ್ತದೆ. ನಮ್ಮ ಮನೆಯಲ್ಲಿ ಆ ಕೆಲಸಕ್ಕೆ ಬಚ್ಚಲುಮನೆ ನಿಷಿದ್ಧ. ಗ್ಯಾರೇಜಿನಲ್ಲಿ ದೀಪ ಹಾಕಿಕೊಂಡು, ಹಳೆಯ ಪಂಚೆಯ ತುಂಡಿನಿಂದ ಉಂಗುರ ಉಜ್ಜುತ್ತ ಕೂತಿರುತ್ತೇನೆ. ಪಕ್ಕದ ಮನೆಯವರು ಈಗ ಏನೂ ಕೇಳುವುದಿಲ್ಲ.