ಮಿಲ್ಟ್ರಿ ಕಾಕಾನ ಎಡಗಿವಿ

ಮಾನ್ವಿ ಸೀಮೆಯ ಒಂದು ಹಳ್ಳಿಯ ಗ್ರಾಮ ಪಂಚಾಯತಿ ಅಧ್ಯಕ್ಷರ ಮೇಲೆ ನಾನು 22 ನಿಮಿಷದ ಸಾಕ್ಷ್ಯಚಿತ್ರ ಮಾಡಿದೆ. ಊರವರಿಗೆ ಅವರು ಮಿಲ್ಟ್ರಿ ಕಾಕಾ. ಹೈದರಾಬಾದಿನ ಗೋಲ್ಕೊಂಡದ ಆರ್ಟಿಲರಿ ಸೆಂಟರಿನಲ್ಲಿ ತಯಾರಾಗಿ, 1999ರ ಕಾರ್ಗಿಲ್ ಯುದ್ಧದಾಗ ದ್ರಾಸ್‌ನಲ್ಲಿ ಬೊಫೋರ್ಸ್ ತೋಪಿಗೆ ಗುಂಡು ತುಂಬಿದವರು. ಹವಾಲ್ದಾರ್ ಆಗಿ ನಿವೃತ್ತರಾಗಿ ಊರಿಗೆ ಬಂದು, 2020ರ ಡಿಸೆಂಬರ್ ಚುನಾವಣೆಯಲ್ಲಿ ಗೆದ್ದರು.

ಮೊದಲ ಸಂಜೆಯೇ ನನ್ನಿಂದ ದೊಡ್ಡ ತಪ್ಪಾಯಿತು. ಕಾಲರ್ ಮೈಕ್ ಹಚ್ಚಿ, ಎಲ್ಲರಿಗೂ ಇಡುವಷ್ಟೇ ರೆಕಾರ್ಡಿಂಗ್ ಲೆವೆಲ್ ಇಟ್ಟು ಶುರು ಮಾಡಿದೆ. ಹೊರಸಿನ ಮೇಲೆ ಕೂತು, ನಾನು ಕೇಳುವ ಮೊದಲೇ ಕಾಕಾ ದ್ರಾಸ್ ಕಥೆ ತೆಗೆದರು. ಮುಕ್ಕಾಲು ತಾಸು ಮಾತಾಡಿದರು. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಸೌಂಡ್ ಪೂರಾ ಒಡೆದಿತ್ತು. ತೋಪಿನ ಸಪ್ಪಳಕ್ಕೆ ಅವರ ಎಡಗಿವಿ ಹೋಗಿದೆ, ಹಾಗಾಗಿ ಮಾತೆಲ್ಲ ದೊಡ್ಡ ದನಿಯಲ್ಲೇ. ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕಿತ್ತು. ಕಡಿಮೆ ಲೆವೆಲ್ಲಿನ ಇನ್ನೊಂದು ಟ್ರ್ಯಾಕನ್ನು ಜೊತೆಗೇ ಓಡಿಸಿದ್ದರೂ ಉಳಿಯುತ್ತಿತ್ತು. ಈಗ ಯಾರ ಮುಂದೆ ಮೈಕ್ ಇಟ್ಟರೂ ಅದನ್ನು ಬಿಡುವುದಿಲ್ಲ.

ಮರುದಿನ ಇನ್ನೊಮ್ಮೆ ಹೇಳಿರೆಂದು ಕೇಳಿಕೊಂಡೆ. ಕಾಕಾ ಎದ್ದು ನಿಂತು, ಅಂಗಿ ಜಗ್ಗಿ ಸರಿ ಮಾಡಿಕೊಂಡು ಹೇಳಿದರು. ಆಗಸ್ಟ್ 15ರಂದು ಶಾಲೆಯ ಕಟ್ಟೆ ಮೇಲೆ ಹೇಳುವ ಕಥೆ ಅದು, ಚುನಾವಣೆಯ ಓಣಿಗಳಲ್ಲೂ ಹೇಳಿದ್ದು. ಟೈಗರ್ ಹಿಲ್, ತೊಲೊಲಿಂಗ್, ಜೈ ಹಿಂದ್. ಒಂದಕ್ಷರವೂ ಸುಳ್ಳಲ್ಲ. ಆದರೆ ಹೊರಸಿನ ಮೇಲೆ ಕೂತಿದ್ದ ಮನುಷ್ಯ ಅದರಲ್ಲಿ ಇರಲಿಲ್ಲ.

ಬೇರೆ ದಾರಿ ಇಲ್ಲದೆ ಒಡೆದ ರೆಕಾರ್ಡಿಂಗನ್ನೇ ಮತ್ತೆ ಮತ್ತೆ ಕೇಳಿದೆ. ಯುದ್ಧದ ಆರ್ಭಟದ ಮಾತುಗಳೆಲ್ಲ ಒಡೆದಿದ್ದವು. ಅವರ ದನಿ ತಾನಾಗಿ ಇಳಿದ ನಾಲ್ಕು ಕಡೆ ಮಾತ್ರ ಸ್ವಚ್ಛ ಇತ್ತು. ಒಂದು ಕಡೆ, 40 ಕೆಜಿ ಮೀರಿದ ಗುಂಡನ್ನು ಎದೆಗವಚಿಕೊಂಡು ಎತ್ತುವಾಗ ಬೆರಳಿಗೆ ಅದರ ತಣ್ಣನೆ ಹೆಂಗ ಹತ್ತುತ್ತಿತ್ತು ಅನ್ನುವುದು. ಇನ್ನೊಂದು ಕಡೆ, ಜೋಡಿದಾರನ ಮಾತು: "ಅಂವ ನನ್ನ ಮಾರಿ ನೋಡಿ ಏನೋ ಅಂದ. ತುಟಿ ಅಲ್ಲಾಡಿದ್ದು ಕಂಡೆ. ಏನಂದ ಅಂತ ಕೇಳಿಸ್ಲೇ ಇಲ್ಲ ತಮ್ಮಾ." ಚಿತ್ರದಲ್ಲಿ ಯುದ್ಧ ಇರುವುದು ಈ ನಾಲ್ಕು ತುಣುಕಿನಷ್ಟೇ, ಒಟ್ಟು ಮೂರು ನಿಮಿಷ. ಹಳೆಯ ಫೋಟೊಗಳನ್ನೂ ಹಾಕಲಿಲ್ಲ. ಬಿಳಿ ಬಣ್ಣದಲ್ಲಿ ಹೆಸರು, ನಂಬರ್ ಬರೆದ ಅವರ ಕರಿ ಟ್ರಂಕ್ ಒಂದನ್ನೇ ತೋರಿಸಿದೆ. ಅದರಲ್ಲಿ ಈಗ ಜೋಳ ತುಂಬಿಟ್ಟಿದ್ದಾರೆ.

ಆ ಕಿವಿಯಿಂದಲೇ ಗ್ರಾಮಸಭೆಯನ್ನು ಹೇಗೆ ಚಿತ್ರಿಸಬೇಕೆಂದೂ ಗೊತ್ತಾಯಿತು. ಹೆಣ್ಣುಮಕ್ಕಳು ಎಡಗಡೆ, ಬಾಗಿಲ ಹತ್ತಿರ ಕೂತಿದ್ದರು. ಖಾತ್ರಿ ಕೆಲಸದ ಕೂಲಿ ಬಂದಿಲ್ಲವೆಂದು ಒಬ್ಬ ಅಮ್ಮ ಎದ್ದು ನಿಂತಾಗ ಕಾಕಾ ಪಕ್ಕನೆ ಮಾರಿ ಆಚೆ ತಿರುಗಿಸಿದರು. ಆ ಶಾಟ್ ನೋಡಿದವರು ಅಧ್ಯಕ್ಷರು ಅವರನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ ಅಂತ ಖಂಡಿತ ಅಂದುಕೊಳ್ಳುತ್ತಿದ್ದರು. ಅವರು ಬಲಗಿವಿ ಕೊಟ್ಟಿದ್ದರು. ನಾನು ಕ್ಯಾಮೆರಾವನ್ನು ಅವರ ಬಲಕ್ಕೆ ಒಯ್ದೆ. ಅಲ್ಲಿಂದ ಅವರ ಕಣ್ಣು ಅರೆಮುಚ್ಚಿದ್ದು, ಆ ಅಮ್ಮನ ಒಂದೊಂದು ಮಾತಿಗೂ ಹೆಬ್ಬೆರಳು ಬೆರಳಿನ ಗೆಣ್ಣು ಎಣಿಸುತ್ತಿದ್ದುದು ಎರಡೂ ಕಂಡವು.

ಇನ್ನುಳಿದದ್ದು ಕಾಲುವೆ. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ 227 ಕಿಲೋಮೀಟರ್ ಹರಿದು ಬರುತ್ತದೆ. ಮೇಲ್ಭಾಗದಲ್ಲಿ ಭತ್ತಕ್ಕೆ ಎಳೆದುಕೊಂಡು ಮಿಕ್ಕಿದ್ದು ಕೊನೆಭಾಗದ ಇಂಥ ಊರುಗಳ ಪಾಲು. ಪಂಚಾಯತಿಗೆ ಕಾಲುವೆ ಮೇಲೆ ಅಧಿಕಾರವಿಲ್ಲ. ಆದರೂ ಕಾಕಾ ನಸುಕಿನಾಗ ಎದ್ದು ಕಾಲುವೆಯ ಮೈಲ್ 104ಕ್ಕೆ ಹೋಗಿ, ನೀರಿನ ಮಟ್ಟ ತೋರಿಸುವ ಗೇಜ್ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ತೋಪಿನ ಲೆಕ್ಕ ಬರೆದು ರೂಢಿಯಾದ ಕೈ, ಅಂಕಿಗಳು ಒಂದರ ಕೆಳಗೊಂದು ನೆಟ್ಟಗೆ ಕೂತಿವೆ. ಆ ಪುಟವನ್ನು ಚಿತ್ರದಲ್ಲಿ ಹನ್ನೊಂದು ಸೆಕೆಂಡ್ ಹಾಗೇ ಬಿಟ್ಟಿದ್ದೇನೆ. ಉದ್ದಾಯಿತು ಎಂದವರಿದ್ದಾರೆ. ನನಗೆ ಕಡಿಮೆಯೇ ಅನಿಸುತ್ತದೆ.

ಚಿತ್ರವನ್ನು ಸಮುದಾಯ ಭವನದಲ್ಲಿ ತೋರಿಸಿದ ಮೇಲೆ ಊರ ಹುಡುಗರು ಬಂದು, ಮುಂದಿನ ಚುನಾವಣೆಗೆ ದ್ರಾಸ್ ತುಣುಕು ಮೊಬೈಲಿಗೆ ಹಾಕಿಕೊಡ್ರಿ ಅಂದರು. ನಾನು ಕಾಕಾನ ಮುಖ ನೋಡಿದೆ.

"ಅದು ಬ್ಯಾಡ. ಅಂವನ ಮಾತು ಐತಿ ಅದರಾಗ," ಅಂದರು. "ಗೇಜಿನದು ಬೇಕಂದ್ರ ಕೊಡು."

ಅವತ್ತೇ ರಾತ್ರಿ ಒಂದೂವರೆ ನಿಮಿಷಕ್ಕೆ ಕತ್ತರಿಸಿ ಕೊಟ್ಟೆ.