ಇಡ್ಲಿ ಪೆಟ್ಟಿಗೆಯಲ್ಲಿ 560 ಮೊಟ್ಟೆ

2024ರ ಸೆಪ್ಟೆಂಬರ್ ಕೊನೆಗೆ ವಾರಕ್ಕೆ ಎರಡಿದ್ದ ಮೊಟ್ಟೆ ಆರಾಯಿತಲ್ಲ, ಬಿಸಿಯೂಟದ ಚಾರ್ಜಿನಲ್ಲಿದ್ದವರಿಗೆ ಆವತ್ತಿಂದ ಶುರುವಾದ ಪಾಡನ್ನು ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರಿನ ಅಂಚಿನ ದೊಡ್ಡ ಸರ್ಕಾರಿ ಪ್ರೌಢಶಾಲೆಗಳಿಗೆ ಅದು ಇನ್ನೊಂದು ಸುತ್ತು ಜಾಸ್ತಿ. ನಮಗೆ ಅನ್ನ ಸಾಂಬಾರು ಹೊರಗಿನ ಅಡುಗೆಮನೆಯಿಂದ ವ್ಯಾನಿನಲ್ಲಿ ಬರುತ್ತದೆ, ಮೊಟ್ಟೆ ಬರುವುದಿಲ್ಲ. ಶಾಲೆಯಲ್ಲಿ ಇರುವುದು ಹಾಲು ಕಾಯಿಸುವ ಒಂದು ಕೋಣೆ, ಎರಡು ಒಲೆ, ಇಬ್ಬರು ಸಹಾಯಕಿಯರು. ಎಂಟರಿಂದ ಹತ್ತರವರೆಗೆ ಎರಡೂ ಮಾಧ್ಯಮ ಸೇರಿ ಹದಿನಾಲ್ಕು ವಿಭಾಗ, ಹಾಜರಿ 750ರ ಆಸುಪಾಸು. ಮೊಟ್ಟೆ ತಿನ್ನುವವರು 560, ಉಳಿದವರಿಗೆ ಬಾಳೆಹಣ್ಣು.

ಕುದಿಸುವುದನ್ನು ಬಿಟ್ಟು ಹಬೆಗೆ ಹೋಗೋಣ ಅಂದಾಗ ಸಿಕ್ಕ ಉತ್ತರ, "ಇಡ್ಲಿ ಪೆಟ್ಟಿಗೇಲಿ ಮೊಟ್ಟೆ ಬೇಯುತ್ತಾ ಸಾರ್?" ಬೇಯುತ್ತದೆ. ಈಗ ಅಕ್ಕಪಕ್ಕದ ಶಾಲೆಯವರು ಬಂದು ಪೆಟ್ಟಿಗೆಯ ಅಳತೆ ತೆಗೆದುಕೊಂಡು ಹೋಗುತ್ತಿದ್ದಾರೆ. ಅನುಮಾನ ಪಟ್ಟವರೂ ಅದರಲ್ಲಿದ್ದಾರೆ.

ಮೊದಲು ದುಡ್ಡಿನ ಮಾತು. ವಾರಕ್ಕೆ ಆರು ಮೊಟ್ಟೆ ಶುರುವಾದಾಗ ಶಾಲೆಗೆ ಸಿಗುವಂತೆ ನಿಗದಿಯಾದದ್ದು ಮೊಟ್ಟೆಗೆ ಆರು ರೂಪಾಯಿ. ಅದರಲ್ಲಿ ಖರೀದಿಗೆ 5.20, ಗ್ಯಾಸಿಗೆ 50 ಪೈಸೆ, ಸುಲಿಯುವ ಕೂಲಿ 30 ಪೈಸೆ. ಸುಲಿಯುವ ದುಡ್ಡು ಸಹಾಯಕಿಯರದ್ದು, ಅದಕ್ಕೆ ಕೈ ಹಾಕಬಾರದು. ಉಳಿಸುವುದಿದ್ದರೆ ಗ್ಯಾಸಿನ 280 ರೂಪಾಯಿಯಲ್ಲೇ. ದೊಡ್ಡ ಪಾತ್ರೆಯಲ್ಲಿ ಕುದಿಸುತ್ತಿದ್ದಾಗ 19 ಕೆ.ಜಿ. ಸಿಲಿಂಡರ್ ಹನ್ನೊಂದು ದಿನ ಬರುತ್ತಿತ್ತು. ನಲವತ್ತು ಲೀಟರ್ ನೀರನ್ನು ದಿನವೂ ಸುಮ್ಮನೆ ಕಾಯಿಸುವುದು ಅಂದರೆ ಅಷ್ಟೇ ಆಗುವುದು. ಪೆಟ್ಟಿಗೆಗೆ ಎಂಟು ಲೀಟರ್ ಸಾಕು, ಸಿಲಿಂಡರ್ ಇಪ್ಪತ್ತೆರಡು ದಿನ ದಾಟುತ್ತದೆ. ಆದರೆ ನಿಜವಾದ ಸೋರಿಕೆ ಗ್ಯಾಸಿನಲ್ಲಿ ಇರಲಿಲ್ಲ, ಒಡೆದ ಮೊಟ್ಟೆಯಲ್ಲಿತ್ತು. ಕುದಿಯುವ ನೀರಿನಲ್ಲಿ ಒಂದಕ್ಕೊಂದು ಬಡಿದುಕೊಂಡು ದಿನಕ್ಕೆ ಮೂವತ್ತು ಹಾಳು, ಅಂದರೆ 160 ರೂಪಾಯಿ ನೀರಿಗೆ. ಹಬೆಯಲ್ಲಿ ಮೊಟ್ಟೆ ಅಲ್ಲಾಡುವುದಿಲ್ಲ, ಒಡೆಯುವುದು ಏಳೆಂಟು. ಮೊದಲು 5.20ಕ್ಕೇ ಸಿಕ್ಕಿದರೂ ದಿನಕ್ಕೆ ಐವತ್ತು ರೂಪಾಯಿ ಕೈಯಿಂದ ಬೀಳುತ್ತಿತ್ತು. ಈಗ ಐದೂವರೆವರೆಗೆ ಸರಿದೂಗಿಸುತ್ತೇವೆ. ಚಳಿಗಾಲದಲ್ಲಿ ದರ ಆರು ದಾಟಿದರೆ ಯಾವ ಪೆಟ್ಟಿಗೆಯೂ ಕಾಪಾಡುವುದಿಲ್ಲ, ಅದು ಬೇರೆ ವಿಷಯ.

ಪೆಟ್ಟಿಗೆ ಮುಚ್ಚಿಹೋದ ಒಂದು ದರ್ಶಿನಿಯದ್ದು, ಸುಮಾರು 6,500. ಬಾಗಿಲಿನ ರಬ್ಬರ್ ಬದಲಿಸಲು 300. ಇಡ್ಲಿ ತಟ್ಟೆಗಳನ್ನು ಹಾಗೇ ಬಳಸಿದ್ದು ಮೊದಲ ತಪ್ಪು. ಕುಳಿಯಲ್ಲಿ ಕೂತ ಮೊಟ್ಟೆಗೆ ಕೆಳಗಿಂದ ಹಬೆ ತಾಗುವುದಿಲ್ಲ, ಒಂದು ಮಗ್ಗುಲು ಲೊಳೆಯಾಗಿ ಉಳಿಯುತ್ತದೆ. ತಟ್ಟೆ ತೆಗೆದು, ತೂತಿರುವ ಸ್ಟೀಲ್ ಶೀಟಿನಲ್ಲಿ ಐದು ಟ್ರೇ ಮಾಡಿಸಿದೆವು, ಒಂದಕ್ಕೆ 400. ನಾಲ್ಕೂ ಬದಿಗೆ ಒಂದಿಂಚು ಅಂಚು ಎತ್ತಿಸಿ, ಇಲ್ಲದಿದ್ದರೆ ಹೊರಗೆಳೆಯುವಾಗ ಉರುಳುತ್ತವೆ. ಟ್ರೇಗೆ ಅರವತ್ತು, ಒಂದು ಸಲಕ್ಕೆ ಮುನ್ನೂರು, ಎರಡು ಸುತ್ತಿಗೆ ಶಾಲೆ ಮುಗಿಯಿತು.

ಎರಡನೇ ತಪ್ಪು ಹಬೆ ಹೋಗುವ ತೂತಿನದು. ಗ್ಯಾಸ್ ಉಳಿಸುವ ಆಸೆಗೆ ಮೇಲಿನ ತೂತಕ್ಕೆ ಬಟ್ಟೆ ತುರುಕಿದರೆ ಒಳಗಿನ ಗಾಳಿ ಹೊರಗೆ ಹೋಗದೆ ಮೇಲೆ ಗಟ್ಟಿ ಕೂರುತ್ತದೆ. ಕೆಳಗಿನ ಮೂರು ಟ್ರೇ ಬೆಂದಿರುತ್ತವೆ, ಮೇಲಿನ ಎರಡು ಹಸಿ. ತೂತು ಪೂರ್ತಿ ತೆರೆದಿರಲಿ, ಗಡಿಯಾರದ ಬದಲು ಅದನ್ನೇ ನೋಡಿ. ಹಬೆ ಜೋರಾಗಿ ಬಂದ ಮೇಲೆ ಟ್ರೇ ಒಳಗಿಡಬೇಕು. ತಣ್ಣನೆಯ ಮೊಟ್ಟೆ ಬಿದ್ದ ತಕ್ಷಣ ತೂತಿನ ಹಬೆ ನಿಲ್ಲುತ್ತದೆ, ಗಾಬರಿ ಬೇಡ. ಎಂಟೊಂಬತ್ತು ನಿಮಿಷಕ್ಕೆ ಮತ್ತೆ ಬಾಣದ ಹಾಗೆ ಚಿಮ್ಮುತ್ತದೆ. ಅಲ್ಲಿಂದ ಹದಿಮೂರು ನಿಮಿಷ. ಎರಡನೇ ಸುತ್ತಿಗೆ ನೀರು ತುಂಬುವುದಿದ್ದರೆ ಬಿಸಿನೀರೇ ಹಾಕಿ. ತಣ್ಣೀರು ಸುರಿದು ಹತ್ತು ನಿಮಿಷ ಕಳೆದುಕೊಂಡರೆ ಊಟದ ಬೆಲ್ಲಿಗೆ ಸಿಕ್ಕಿಬೀಳುತ್ತೀರಿ. ಬಾಗಿಲು ತೆಗೆಯುವವರು ಕೀಲಿನ ಕಡೆ ನಿಲ್ಲಬೇಕು, ಎದುರಿಗೆ ಅಲ್ಲ.

ಬೆಂದಿದೆಯೋ ಇಲ್ಲವೋ ನೋಡಲು ಮೇಲಿನ ಟ್ರೇಯಿಂದ ಒಂದನ್ನು ನೆಲದ ಮೇಲೆ ತಿರುಗಿಸಿದರೆ ಸಾಕು. ಬೆಂದದ್ದು ಬುಗುರಿಯಂತೆ ಸುತ್ತುತ್ತದೆ, ಹಸಿಯದ್ದು ಓಲಾಡುತ್ತದೆ. ಒಂಬತ್ತನೇ ಕ್ಲಾಸಿನ ಭೌತಶಾಸ್ತ್ರದ ಮೇಷ್ಟ್ರು ಇದನ್ನೇ ಪಾಠಕ್ಕೆ ಎತ್ತಿಕೊಂಡಿದ್ದಾರೆ.

ಒಲೆ ಆರಿಸಿ ಪೆಟ್ಟಿಗೆಯಲ್ಲೇ ಬಿಟ್ಟು ಹಾಲಿನ ಪಾತ್ರೆ ತೊಳೆಯಲು ಹೋದರೆ ಒಳಗಿನ ಹಳದಿ ಭಂಡಾರದ ಸುತ್ತ ಹಸಿರು ಬಣ್ಣ ಕಟ್ಟುತ್ತದೆ. ಬಿಸಿ ಹೆಚ್ಚಾಗಿ ಬಿಳಿ ಭಾಗದಲ್ಲಿರುವ ಗಂಧಕ ಭಂಡಾರದ ಕಬ್ಬಿಣಕ್ಕೆ ಸೇರಿ ಹಾಗಾಗುವುದು, ತಿಂದರೆ ಏನೂ ಆಗುವುದಿಲ್ಲ. ಆದರೆ "ಕೆಟ್ಟ ಮೊಟ್ಟೆ" ಅಂತ ಒಂದು ಮಗು ಅಂದರೆ ಆವತ್ತು ಇಡೀ ವಿಭಾಗ ಬಾಳೆಹಣ್ಣಿನ ಸಾಲಿಗೆ ಹೋಗುತ್ತದೆ. ಆದ್ದರಿಂದ ಟ್ರೇಯಿಂದ ನೇರ ತಣ್ಣೀರಿಗೆ. ಅರವತ್ತು ಲೀಟರಿನ ಎರಡು ಟಬ್, ಹತ್ತು ನಿಮಿಷ. ಕುಡಿಯುವ ನೀರೇ ಆಗಬೇಕು, ತಣಿಯುವಾಗ ಬಿರುಕಿನಿಂದ ಮೊಟ್ಟೆ ನೀರೆಳೆದುಕೊಳ್ಳುತ್ತದೆ. ಟ್ಯಾಂಕರ್ ನೀರಿನ ಕಾಲದಲ್ಲಿ ಇದು ಹೊಟ್ಟೆ ಉರಿಸುವ ಖರ್ಚು. ಟಬ್ಬಿನ ನೀರು ಆಮೇಲೆ ನುಗ್ಗೆ ಗಿಡಕ್ಕೆ ಹೋಗುತ್ತದೆ.

ಸುಲಿಯುವುದೇ ದೊಡ್ಡ ಕಥೆ. ಇಬ್ಬರು ಕೂತು ಸುಲಿದರೆ ಮೊದಲು ಎರಡು ಗಂಟೆಗೆ ಹತ್ತಿರ ಹಿಡಿಯುತ್ತಿತ್ತು, ಬಿಳಿ ಅರ್ಧ ಸಿಪ್ಪೆಯ ಜೊತೆಗೇ ಕಿತ್ತು ಬರುತ್ತಿತ್ತು. ತಪ್ಪು ಬೇಯಿಸುವುದರಲ್ಲಿ ಮಾತ್ರ ಇರಲಿಲ್ಲ, ಮೊಟ್ಟೆ ತೀರಾ ತಾಜಾ ಇತ್ತು. ನಿನ್ನೆ ಇಟ್ಟ ಮೊಟ್ಟೆಯ ಬಿಳಿ ಒಳಪೊರೆಗೆ ಅಂಟಿಕೊಂಡೇ ಇರುತ್ತದೆ. ಒಂದು ವಾರ ಕಳೆದರೆ ಒಳಗಿನ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗಿ ಬಿಳಿಯ ಕ್ಷಾರ ಗುಣ ಏರುತ್ತದೆ, ಅಂಟು ಸಡಿಲವಾಗುತ್ತದೆ. ಈಗ ಆರೇಳು ದಿನದ ಸರಕು ಮುಂಚಿತವಾಗಿ ತರಿಸುತ್ತೇವೆ, 210ರ ಬಾಕ್ಸ್ ಹದಿನಾರು. ಬಾಕ್ಸಿನ ಮೇಲೆ ಸೀಮೆಸುಣ್ಣದಲ್ಲಿ ತಾರೀಖು, ಮೊಟ್ಟೆಯ ಚೂಪು ತುದಿ ಕೆಳಗೆ. ಮಾರ್ಚಿನ ಬಿಸಿಲಿಗೆ ನಾಲ್ಕು ದಿನಕ್ಕಿಂತ ಹೆಚ್ಚು ಇಡಬೇಡಿ. ಹೆಗ್ಗಣದ ಕಾಟಕ್ಕೆ, ಬಾಕ್ಸ್ ಇಡುವ ಕ್ರೀಡಾ ಕೊಠಡಿಯ ಬಾಗಿಲ ಕೆಳಗೆ ತಗಡು ಹೊಡೆಸಿದ್ದಕ್ಕೆ ಇನ್ನೊಂದು 450 ಆಯಿತು. ಹಳೆ ಮೊಟ್ಟೆ, ಹಬೆ, ತಣ್ಣೀರು, ಮೂರೂ ಸೇರಿದ ಮೇಲೆ 560 ಸುಲಿಯಲು ಐವತ್ತು ನಿಮಿಷ. ದಪ್ಪ ತುದಿಯಿಂದ ಶುರು ಮಾಡಬೇಕು, ಗಾಳಿ ಇರುವುದು ಅಲ್ಲೇ.

ಅಡುಗೆ ಸೋಡಾ ಹಾಕಿ ನೋಡಿದ್ದಾಯಿತು, ಸಿಪ್ಪೆ ಸ್ವಲ್ಪ ಸಲೀಸು, ಆದರೆ ಒಂದು ಥರ ವಾಸನೆ. ಉಪ್ಪಿನಿಂದ ಏನೂ ಆಗಲಿಲ್ಲ. ಕುಕ್ಕರಿನಲ್ಲಿ ಸಿಪ್ಪೆ ತಾನಾಗಿ ಕಳಚಿಕೊಳ್ಳುತ್ತದೆ, ನಿಜ, ಆದರೆ ಐದಕ್ಕೆ ಒಂದು ಸೀಳುತ್ತದೆ. ದಪ್ಪ ತುದಿಗೆ ಗುಂಡುಸೂಜಿ ಚುಚ್ಚುವ ಉಪಾಯ ಚೆನ್ನಾಗಿಯೇ ಕೆಲಸ ಮಾಡಿತು, 560ಕ್ಕೆ ಚುಚ್ಚುವವರು ಯಾರು? ಡಬ್ಬದಲ್ಲಿ ಹತ್ತು ಮೊಟ್ಟೆ, ಒಂದು ಲೋಟ ನೀರು ಹಾಕಿ ಕುಲುಕಿದರೆ ಸಿಪ್ಪೆ ಪೂರ್ತಿ ಬಿರಿಯುತ್ತದೆ. ಆರು ಸಲ ಸಾಕು, ಏಳನೆಯದಕ್ಕೆ ಬಿಳಿ ಹರಿಯುತ್ತದೆ.

ಹಾಲಿನ ದಿನಗಳಲ್ಲಿ, ಅದರಲ್ಲೂ ರಾಗಿ ಮಾಲ್ಟ್ ಇರುವ ದಿನ, ಒಲೆ ಹೇಗೆ ಹಂಚಿಕೊಳ್ಳುತ್ತೇವೆ ಅನ್ನುವುದು ಸುಲಭ. ಹಾಲು ಇಳಿಸಿದ ಉರಿಗೇ ಪೆಟ್ಟಿಗೆ ಏರುತ್ತದೆ. ಒಬ್ಬನೇ ಎರಡು ಸಾಲಿನಲ್ಲಿ ನಿಂತು ಮೊಟ್ಟೆಯನ್ನೂ ಬಾಳೆಹಣ್ಣನ್ನೂ ಹೊಡೆಯದಂತೆ ಏನು ಮಾಡುತ್ತೇವೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ನಮ್ಮ ಹತ್ತನೇ ಕ್ಲಾಸಿನವರೂ ಇದನ್ನು ಓದುತ್ತಾರೆ. ವಾರದ ಸರಕಿಗೆ ಸಾಲ ಕೊಡುವಂತೆ ವ್ಯಾಪಾರಿಯನ್ನು ಒಪ್ಪಿಸಿದ ಬಗೆಯೂ ನಮ್ಮಲ್ಲೇ ಇರಲಿ.

ಸಿಪ್ಪೆ ದಿನಕ್ಕೆ ಮೂರು ಕೆ.ಜಿ. ಮೇಲೆ ಬೀಳುತ್ತದೆ. ಹಸಿಯಾಗಿ ಗುಂಡಿಗೆ ಹಾಕಿದರೆ ಎರಡು ದಿನಕ್ಕೆ ನಾತ, ಕಾಗೆ, ನಾಯಿ. ಒಲೆಯಿಂದ ಇಳಿಸಿದ ಬಿಸಿ ಪೆಟ್ಟಿಗೆಯ ಮೇಲೆಯೇ ಹರಡಿ ಗರಿಗರಿ ಒಣಗಿಸಿ, ಒರಳಿನಲ್ಲಿ ಕುಟ್ಟಿ ಚೀಲಕ್ಕೆ ತುಂಬುತ್ತೇವೆ. ಟೊಮ್ಯಾಟೊ ಪಾತಿಗೆ ಗಿಡಕ್ಕೊಂದು ಹಿಡಿ ಹಾಕಿದ್ದೇವೆ. ಕಾಯಿಯ ಬುಡ ಕೊಳೆಯುವುದು ಕಡಿಮೆಯಾದ ಹಾಗಿದೆ, ನೀರು ಸರಿಯಾಗಿ ಹಾಕಿದ್ದಕ್ಕೂ ಇರಬಹುದು. ಹಾಕದ ಪಾತಿಯೊಂದನ್ನು ಪಕ್ಕದಲ್ಲೇ ಬಿಟ್ಟಿದ್ದೇವೆ.