ಹೊಸ ಆವೃತ್ತಿಯನ್ನು ಹಳೆಯದೆಂದು ತಿಳಿದ ಡೆಬಿಯನ್

ನಮ್ಮ ಕಚೇರಿಯಲ್ಲಿ ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯುಳ್ಳ ಯಂತ್ರಗಳಿಗಾಗಿ ನಾನೇ ಕಟ್ಟಿದ ತಂತ್ರಾಂಶ ಪ್ಯಾಕೇಜೊಂದರ ಪರೀಕ್ಷಾ ಆವೃತ್ತಿಗೆ 2.0ಆರ್‌ಸಿ1-1 ಎಂಬ ಸಂಖ್ಯೆ ಕೊಟ್ಟಿದ್ದೆ (ಆರ್‌ಸಿ ಎಂದರೆ ಅಂತಿಮ ಬಿಡುಗಡೆಗೆ ಮುಂಚಿನ ರೂಪ). ಎರಡು ವಾರಗಳ ನಂತರ ಅಂತಿಮ ರೂಪವಾದ 2.0-1 ಅನ್ನು ಭಂಡಾರಕ್ಕೆ ಸೇರಿಸಿದಾಗ, ಯಾವ ಯಂತ್ರವೂ ಅದನ್ನು ತೆಗೆದುಕೊಳ್ಳಲಿಲ್ಲ. ಭಂಡಾರದ ಸೂಚಿ ಕೆಟ್ಟಿರಬೇಕೆಂದು ಭಾವಿಸಿ ಅರ್ಧ ದಿನ ಅದನ್ನೇ ತಡಕಾಡಿದೆ. ಕೊನೆಗೆ ಡೆಬಿಯನ್‌ನಲ್ಲಿ ಪ್ಯಾಕೇಜುಗಳನ್ನು ಅನುಸ್ಥಾಪಿಸುವ ಸಾಧನವಾದ ಡಿಪಿಕೆಜಿಯಿಂದಲೇ ಎರಡೂ ಸಂಖ್ಯೆಗಳನ್ನು ಹೋಲಿಸಿ ನೋಡಿದಾಗ ಪರೀಕ್ಷಾ ಆವೃತ್ತಿಯೇ ದೊಡ್ಡದು, ಅಂದರೆ ಹೆಚ್ಚು ಹೊಸದು, ಎಂಬ ಉತ್ತರ ಬಂತು.

ಡಿಪಿಕೆಜಿ ಆವೃತ್ತಿಯನ್ನು ಎಡದಿಂದ ಬಲಕ್ಕೆ, ಅಕ್ಷರಗಳ ತುಣುಕು ಮತ್ತು ಅಂಕೆಗಳ ತುಣುಕು ಎಂದು ಬಿಡಿಸಿ ಓದುತ್ತದೆ. ಅಂಕೆಗಳನ್ನು ಸಂಖ್ಯೆಗಳಾಗಿಯೇ ಹೋಲಿಸುವುದರಿಂದ 1.10 ಎಂಬುದು 1.9ಕ್ಕಿಂತ ದೊಡ್ಡದು. 2.0 ಮುಗಿದ ಕಡೆ ಇನ್ನೊಂದರಲ್ಲಿ ಅಕ್ಷರಗಳು ಮುಂದುವರಿದರೆ, ಮುಂದುವರಿದದ್ದೇ ದೊಡ್ಡದಾಗುತ್ತದೆ. ಇದಕ್ಕೆ ಅಪವಾದ ಟಿಲ್ಡೆ (~) ಚಿಹ್ನೆ ಮಾತ್ರ: ಮುಂದೆ ಏನೂ ಇಲ್ಲದಿರುವುದಕ್ಕಿಂತಲೂ ಅದು ಚಿಕ್ಕದೆಂದು ಎಣಿಸಲ್ಪಡುತ್ತದೆ. ಆದ್ದರಿಂದ ನಾನು ಮೊದಲೇ 2.0~ಆರ್‌ಸಿ1-1 ಎಂದು ಬರೆದಿದ್ದರೆ ಈ ತೊಡಕೇ ಇರುತ್ತಿರಲಿಲ್ಲ.

ಆದರೆ ಯಂತ್ರಗಳಲ್ಲಿ ತಪ್ಪು ಸಂಖ್ಯೆ ಆಗಲೇ ಕೂತಿತ್ತು. ಆರಂಭದಲ್ಲಿ ಯುಗಸಂಖ್ಯೆ (ಎಲ್ಲಕ್ಕಿಂತ ಮೊದಲು ಹೋಲಿಸಲ್ಪಡುವ, ಕೋಲನ್‌ಗೆ ಮುಂಚಿನ ಅಂಕೆ) ಸೇರಿಸಿ 1:2.0-1 ಎಂದು ಮಾಡಬಹುದಿತ್ತು. ಆದರೆ ಒಮ್ಮೆ ಸೇರಿಸಿದ ಯುಗಸಂಖ್ಯೆಯನ್ನು ಮತ್ತೆಂದೂ ಕೈಬಿಡಲಾಗದು ಎಂಬ ಕಾರಣಕ್ಕೆ ನನಗೆ ಅದು ಒಪ್ಪಿಗೆಯಾಗಲಿಲ್ಲ. ಡೆಬಿಯನ್ ನಿರ್ವಾಹಕರು ಬಳಸುವ ಇನ್ನೊಂದು ರೂಢಿಯಂತೆ 2.0ಆರ್‌ಸಿ1+ರಿಯಲಿ2.0-1 ಎಂದು, ಅಂದರೆ ‘ನಿಜಕ್ಕೂ 2.0’ ಎಂಬರ್ಥದಲ್ಲಿ, ಹೆಸರಿಸಿದೆ. ನೋಡಲು ಚೆಂದವಿಲ್ಲದಿದ್ದರೂ ಅದು ತಾತ್ಕಾಲಿಕ. ಅಕ್ಷರಕ್ಕಿಂತ ಚುಕ್ಕಿ ದೊಡ್ಡದೆಂದು ಎಣಿಸಲ್ಪಡುವುದರಿಂದ, ಮುಂದಿನ 2.0.1-1 ಬಂದಾಗ ಎಲ್ಲ ಯಂತ್ರಗಳೂ ತಾವಾಗಿಯೇ ಅದಕ್ಕೆ ಏರಿದವು.